ತಡೆದು ಓಡಿದವನು

ನನ್ನ ತಮ್ಮ ಇಡ್ವಲ್ ಎಷ್ಟು ಜೋರಾಗಿ ಓಡುತ್ತಿದ್ದ ಎಂದು ಈಗಿನ ಹುಡುಗರು ಕೇಳುತ್ತಾರೆ. ಅವನು ಎಷ್ಟು ಜೋರಾಗಿ ಓಡುತ್ತಾನೆ ಎಂಬುದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುವುದೇ ಎರಡು ವರ್ಷ ಅವನ ಕಸುಬಾಗಿತ್ತು ಎಂದು ನಾನು ಹೇಳುತ್ತೇನೆ. ಮುದುಕಿಗೆ ಅರಳುಮರಳು ಎಂದುಕೊಂಡು ಹೋಗುತ್ತಾರೆ. ಅಂದುಕೊಳ್ಳಲಿ, ನನ್ನ ಗಂಟೇನು ಹೋಗಬೇಕು?

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಮ್ಮ ಕೂಮ್ ಬೆದು ಕಣಿವೆಯಲ್ಲಿ ಗಂಡಾಗಿ ಹುಟ್ಟಿದವನು ಕಲ್ಲಿದ್ದಲ ಗಣಿಗೆ ಇಳಿಯಬೇಕು. ಇಳಿಯದೆ ಬದುಕಬೇಕೆಂದರೆ ದೇವರು ಕಂಠವನ್ನಾದರೂ ಕೊಟ್ಟಿರಬೇಕು, ಮುಷ್ಟಿಯನ್ನಾದರೂ ಕೊಟ್ಟಿರಬೇಕು, ಇಲ್ಲ ಕಾಲನ್ನಾದರೂ ಕೊಟ್ಟಿರಬೇಕು. ಇಡ್ವಲ್ ಹಾಡಿದರೆ ಬೆಕ್ಕು ಮನೆ ಬಿಟ್ಟು ಹೋಗುತ್ತಿತ್ತು. ಗುದ್ದಾಡಲು ಮೈಯಲ್ಲಿ ಮಾಂಸವಿರಲಿಲ್ಲ. ಕಾಲು ಮಾತ್ರ ಇತ್ತು. ಹಾಗಂತ ಗಣಿ ತಪ್ಪಲಿಲ್ಲ. ಹದಿನಾಲ್ಕಕ್ಕೇ ಅಪ್ಪನ ಹಿಂದೆ ಇಳಿದ. ಸಂಜೆ ಮೇಲೆ ಬಂದು, ಒಲೆಯ ಮುಂದಿನ ತಗಡಿನ ತೊಟ್ಟಿಯಲ್ಲಿ ಮೈ ತೊಳೆದುಕೊಂಡು, ಗುಡ್ಡದ ಮೇಲೆ ಕುರಿಗಳನ್ನು ಅಟ್ಟಿಕೊಂಡು ಓಡುತ್ತಿದ್ದ.

ಅವನನ್ನು ಹಾಗೆ ನೋಡಿದ್ದು ಹಾಪ್ಕಿನ್ ಮಾವ. ನಮ್ಮ ಬೀದಿಯ ಚಮ್ಮಾರ. ಬೂಟು ಹೊಲಿಯುವುದು ಹೊಟ್ಟೆಪಾಡು, ಓಟಗಾರರನ್ನು ತಯಾರು ಮಾಡುವುದು ಪ್ರಾಣ. ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಮಂಚ, ಒಂದು ಎಣ್ಣೆ ಸೀಸೆ, ಒಂದು ಕೋಳಿಗೂಡು ಇಟ್ಟುಕೊಂಡಿದ್ದ. ಇಡ್ವಲ್‌ಗೆ ದಿನವೂ ಹಸಿ ಮೊಟ್ಟೆ ಕುಡಿಸಿ, ತೊಡೆ ಮೀನಖಂಡ ತಿಕ್ಕಿ, ಬಿಯರಿನ ವಾಸನೆ ಬಂದರೆ ಚರ್ಮದ ಪಟ್ಟಿಯಲ್ಲಿ ಬಾರಿಸಿ, ಒಂದೇ ವರ್ಷದಲ್ಲಿ ಅವನನ್ನು ಓಟಗಾರನನ್ನಾಗಿ ಮಾಡಿದ. ಆಮೇಲೆ ಸೋಲುವುದನ್ನು ಕಲಿಸಿದ.

ಏಕೆಂದರೆ ಬಹುಮಾನಕ್ಕಾಗಿ ಓಡುವವರ ಓಟದಲ್ಲಿ ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲುವುದಿಲ್ಲ. ಜೋರಾಗಿ ಓಡುವವನು ಎಲ್ಲರಿಗಿಂತ ಹಿಂದೆ, ಕುಂಟುವವನು ಎಲ್ಲರಿಗಿಂತ ಮುಂದೆ. ಯಾರು ಎಷ್ಟು ಗಜ ಮುಂದೆ ನಿಲ್ಲಬೇಕು ಎಂದು ಹಂಚುವುದಕ್ಕೆ ಒಬ್ಬ ಅಧಿಕಾರಿ. ಅವನು ಊರೂರಿನ ಓಟಗಳನ್ನು ನೋಡಿಕೊಂಡು, ನೋಡಲಾಗದ ಕಡೆ ಆಳು ಬಿಟ್ಟು, ಲೆಕ್ಕ ಹಾಕುತ್ತಿದ್ದ. ಅವನ ಕಣ್ಣಿಗೆ ಮಣ್ಣೆರಚುವುದು ಎಲ್ಲ ಕಣಿವೆಗಳವರ ಧರ್ಮ. ಒಳ್ಳೆಯ ಓಟಗಾರ ಸಿಕ್ಕರೆ ಅವನನ್ನು ಎರಡು ಮೂರು ವರ್ಷ ಚಿಲ್ಲರೆ ಓಟಗಳಲ್ಲಿ ಸೋಲಿಸಬೇಕು. ಆಗ ಪಾಂಟಿಪ್ರಿದ್ ಪೇಟೆಯ ಆಗಸ್ಟ್ ತಿಂಗಳ ದೊಡ್ಡ ಓಟದಲ್ಲಿ ಅವನಿಗೆ ಧಾರಾಳವಾಗಿ ಗಜ ಸಿಗುತ್ತದೆ. ಅಂದು ಬಿಟ್ಟರೆ ಹಿಡಿಯುವವರಿಲ್ಲ. ಇಡೀ ಊರು ಅವನ ಮೇಲೆ ಪಂಥ ಕಟ್ಟಿರುತ್ತದೆ.

ಸೋಲುವುದು ಸುಲಭ ಎಂದುಕೊಂಡಿರಾ? ಸುಮ್ಮನೆ ನಿಧಾನ ಓಡಿದರೆ ಕುರುಡನಿಗೂ ಗೊತ್ತಾಗುತ್ತದೆ. ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿ, ಪ್ರಾಣ ಹೋಗುವ ಹಾಗೆ ಓಡುತ್ತಲೇ ಹಿಂದೆ ಬೀಳಬೇಕು. ಇಡ್ವಲ್‌ಗೆ ಅದು ಬರುತ್ತಿರಲಿಲ್ಲ, ಎಷ್ಟು ತಡೆದರೂ ಕಾಲು ಮುಂದಕ್ಕೇ ಹೋಗುತ್ತಿತ್ತು. ಆದ್ದರಿಂದ ಹಾಪ್ಕಿನ್ ಮಾವ ಅವನ ಓಟದ ಬೂಟಿನೊಳಗೆ, ಅಟ್ಟೆಯ ಅಡಿಯಲ್ಲಿ, ಸೀಸದ ತಗಡು ಹಾಕಿ ಹೊಲಿದುಬಿಟ್ಟ. ಆಮೇಲೆ ನಟಿಸುವ ಅಗತ್ಯವೇ ಇರಲಿಲ್ಲ. ಕೊನೆಯ ಹತ್ತು ಗಜ ಬಂದಾಗ ಕಾಲು ತಾನಾಗಿಯೇ ಸೋಲುತ್ತಿತ್ತು.

ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ, ನಮ್ಮಪ್ಪ.

ನಮ್ಮಪ್ಪ ಐಸಾಕ್ ಪ್ರೊಬರ್ಟ್ ನಮ್ಮ ಪ್ರಾರ್ಥನಾ ಮಂದಿರವಾದ ಸೆಯೋನ್ ಚಾಪೆಲಿನ ಹಿರಿಯರಲ್ಲಿ ಒಬ್ಬ. ಪಾದ್ರಿಯ ವೇದಿಕೆಯ ಕೆಳಗೆ, ಸಭೆಗೆ ಮುಖ ಮಾಡಿ, ದೊಡ್ಡ ಪೀಠದಲ್ಲಿ ಕೂರುವವನು. ಪಂಥ ಕಟ್ಟುವವರಿಗೆ, ಕುಡಿಯುವವರಿಗೆ ಬುದ್ಧಿ ಬರಲಿ ಎಂದು ಅವನು ಪ್ರಾರ್ಥನೆ ಮಾಡಿದರೆ ಹೆಸರು ಹಿಡಿದೇ ಮಾಡುತ್ತಿದ್ದ. ಓಡುವುದು ಪಾಪವಲ್ಲ, ಓಟದ ಮೇಲೆ ಕಾಸು ಕಟ್ಟುವುದು ಪಾಪ ಎಂದು ಅವನ ಲೆಕ್ಕ. ಮಗ ಬೇಕೆಂದೇ ಸೋಲುತ್ತಿದ್ದಾನೆ ಎಂದು ತಿಳಿದರೆ ದೊಡ್ಡ ಪೀಠದಲ್ಲಿ ನಿಂತು ಸಾರಿಯೇ ಬಿಡುತ್ತಾನೆ, ಆಮೇಲೆ ಹಾಪ್ಕಿನ್ ಮಾವನೂ ಇಲ್ಲ, ಆಗಸ್ಟೂ ಇಲ್ಲ. ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ. ಇಡ್ವಲ್ ನನ್ನ ಕೈಯಲ್ಲಿ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದ.

ಅಪ್ಪನ ಎದೆಯೊಳಗೆ ಮೂವತ್ತು ವರ್ಷದ ಗಣಿ ಧೂಳು ಕೂತಿತ್ತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ರಾತ್ರಿಯೆಲ್ಲ ಒಲೆಯ ಬಳಿಯ ಕುರ್ಚಿಯಲ್ಲೇ. ಇನ್ನೊಂದು ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ನನಗೆ ಹೇಳಿದ್ದರು. ಎದೆ ಹೋದರೂ ನಾಲಗೆ ಹೋಗಿರಲಿಲ್ಲ. ಇಡ್ವಲ್ ಎಲ್ಲಿಯೋ ಓಡಿ ಸೋತು ಬಂದ ಎಂದರೆ ಸಾಕು, ಬಾಗಿಲು ತೆರೆದಿಟ್ಟುಕೊಂಡು, ಬೀದಿಗೆಲ್ಲ ಕೇಳುವಂತೆ ಶುರುವಾಗುತ್ತಿತ್ತು.

"ಬಂದ್ರಾ ಮಹಾರಾಜ್ರು? ಈ ಸಲ ಯಾರ್ ಬೆನ್ನು ನೋಡ್ಕೊಂಡ್ ಓಡಿದ್ರಿ?"

"ನಾಕ್ನೇದು ಬಂದೆ ಅಪ್ಪ."

"ಎಷ್ಟ್ ಜನ ಓಡಿದ್ದು?"

"ಐದು."

"ಐದನೇವ್ನು ಎಡವಿ ಬಿದ್ನೇನೋ ಪಾಪ!"

ಬೀದಿಯವರು ನಗುತ್ತಿದ್ದರು. ಅವರಿಗೆ ನಿಜ ಗೊತ್ತಿದ್ದುದರಿಂದ ಅದು ತಮಾಷೆ. ಇಡ್ವಲ್‌ಗೆ ತಮಾಷೆಯಾಗಿರಲಿಲ್ಲ. ಒಂದು ಸಂಜೆ ನಾನು ಅವನ ಬೆನ್ನು ಉಜ್ಜುತ್ತಿದ್ದಾಗ ಹೇಳಿದ: "ಅಕ್ಕ, ನಂಗೆ ಆಗಸ್ಟಿನ ದುಡ್ಡು ಬೇಕು, ಅದ್ರಲ್ಲಿ ಕುದುರೆ ಗಾಡಿ ತಗೊಂಡು ತರಕಾರಿ ಮಾರ್ಕೊಂಡಿರ್ತೀನಿ. ಆದ್ರೆ ಅದಕ್ಕಿಂತ ಜಾಸ್ತಿ, ಅಪ್ಪ ಹೋಗೋಕ್ ಮುಂಚೆ ಒಂದೇ ಒಂದ್ಸಲ 'ಚೆನ್ನಾಗ್ ಓಡ್ದೆ ಮಗನೆ' ಅಂದ್ರೆ ಸಾಕು ಕಣೆ."

"ಆಗಸ್ಟ್‌ವರೆಗೂ ತಡ್ಕೋ. ಅನ್ನದೆ ಎಲ್ಲಿಗ್ ಹೋಗ್ತಾರೆ?"

"ಆಗಸ್ಟ್‌ವರೆಗೂ ಅಪ್ಪ ಇರ್ಬೇಕಲ್ಲ."

ಬೆನ್ನು ಗಟ್ಟಿಯಾಗಿ ಉಜ್ಜಿದೆ.

ಎರಡನೆಯ ವರ್ಷದ ವಿಟ್ಸನ್ ಹಬ್ಬದ ಸೋಮವಾರ ಬಂತು. ಅಂದು ಕಣಿವೆಯ ಚಾಪೆಲುಗಳೆಲ್ಲ ತಮ್ಮ ತಮ್ಮ ಪತಾಕೆ ಹಿಡಿದು, ಹಾಡುತ್ತ ಮೆರವಣಿಗೆ ಹೋಗಿ, ಮೈದಾನದಲ್ಲಿ ಉದ್ದನೆಯ ಮೇಜು ಹಾಕಿ ಟೀ ಕುಡಿಯುವುದು, ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಬೆಣ್ಣೆ ತಿನ್ನುವುದು, ಆಮೇಲೆ ಆಟ. ಕೊನೆಗೆ ಚಾಪೆಲಿಗೊಬ್ಬ ಹುಡುಗನ ಓಟ. ಕಾಸಿಲ್ಲ, ಬೆಳ್ಳಿ ಕಪ್ಪಿಲ್ಲ. ಗೆದ್ದ ಚಾಪೆಲು ಮುಂದಿನ ವರ್ಷದ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತದೆ, ಅಷ್ಟೆ. ಅಷ್ಟೆ ಎಂದೆ ನೋಡಿ! ಅದಕ್ಕಾಗಿ ಸೆಯೋನಿನವರು ಹೆರ್ಮೋನ್ ಚಾಪೆಲಿನವರ ಜೊತೆ ಹೆಣ್ಣು ಕೊಟ್ಟು ತರುವುದನ್ನೂ ನಿಲ್ಲಿಸಿದ್ದ ಕಾಲವಿತ್ತು. ಕೆಲವು ವರ್ಷಗಳಿಂದ ಹೆರ್ಮೋನಿನವರೇ ಮುಂದೆ. ಅವರ ಕಡೆಯ ಓಟಗಾರ ಗೆತಿನ್, ಮಾಂಸದಂಗಡಿಯವನ ಮಗ. ಪಾಂಟಿಪ್ರಿದ್‌ನಲ್ಲಿ ಓಡಿ ಹೆಸರು ಮಾಡಿದವನು.

ಹಾಪ್ಕಿನ್ ಮಾವ ಬೆಳಿಗ್ಗೆಯೇ ಸೀಸದ ಬೂಟು ತಂದುಕೊಟ್ಟ. "ನೋಡಪ್ಪಾ, ಗೆತಿನ್ ಎಷ್ಟು ಓಡ್ತಾನೆ ಅಂತ ಗಜ ಹಂಚೋನಿಗೆ ಅಂಗೈ ಗೆರೆ ಥರ ಗೊತ್ತು. ಅವನನ್ನೇನಾದ್ರೂ ನೀನು ಹಿಂದೆ ಹಾಕ್ದೆ ಅಂದ್ಕೋ, ನಿನ್ನ ಬಣ್ಣ ಬಯಲು. ಎರಡು ವರ್ಷದ ತಪಸ್ಸು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ತಿಳೀತಾ?"

"ತಿಳೀತು ಮಾವ."

"ಮೂರನೇದು ಬಾ. ಎರಡನೇದೂ ಬೇಡ."

ಅಪ್ಪನನ್ನು ಕುರ್ಚಿ ಸಮೇತ ಹೊತ್ತು ತಂದು ಓಟ ಮುಗಿಯುವ ಗೆರೆಯ ಪಕ್ಕ ಕೂರಿಸಿದ್ದೆವು. ಕಪ್ಪು ಕೋಟು, ಮೊಣಕಾಲ ಮೇಲೆ ಕಂಬಳಿ, ಕೈಯಲ್ಲಿ ಟೀ. ಅವನ ಪಕ್ಕದಲ್ಲೇ ಹೆರ್ಮೋನಿನವರ ಹಿಂಡು. ಅವರ ಜೊತೆ, ಯಾವ ಚಾಪೆಲಿಗೂ ಸೇರದ, ಕಂದು ಟೋಪಿಯ ಒಬ್ಬ ಪರಊರಿನ ಮನುಷ್ಯ ನಿಂತುಕೊಂಡು ನಮ್ಮ ಬ್ರೆಡ್ಡನ್ನೇ ತಿನ್ನುತ್ತಿದ್ದ. ನಾನು ಅವನನ್ನು ನೋಡಿದೆ. ಯಾರದೋ ನೆಂಟ ಇರಬೇಕು ಎಂದುಕೊಂಡೆ.

ಇಡ್ವಲ್ ಬೂಟಿನ ದಾರ ಕಟ್ಟಿಕೊಂಡು ನಮ್ಮ ಮುಂದೆಯೇ ಹಾದು ಹೊರಟಿದ್ದ. ಅಪ್ಪ ಆಗ ಶುರು ಮಾಡಿದ.

"ಹೆರ್ಮೋನಿನೋರೇ, ನೀವ್ಯಾಕೆ ನಿಂತಿದ್ದೀರಿ? ಕೂತ್ಕೊಂಡು ಟೀ ಕುಡೀರಿ. ನಮ್ಮೋನು ಕೊನೇ ಹತ್ತು ಗಜಕ್ಕೆ ಸೋತು ಸೊಪ್ಪಾಗೋ ಗಿರಾಕಿ."

ಎಲ್ಲರೂ ನಕ್ಕರು. ಇಡ್ವಲ್ ನಿಂತ.

"ಎರಡು ವರ್ಷದಿಂದ ನೋಡ್ತಿದೀನಿ. ಕಾಲಿದೆ, ಕೆಚ್ಚಿಲ್ಲ. ಗೆಲ್ಲೋ ಹತ್ರ ಬಂದ್ರೆ ಸಾಕು, ಇವ್ನಿಗೆ ಕೈಕಾಲು ನಡುಗುತ್ತೆ. ಹೇಡಿ ಕಣ್ರಯ್ಯ ಹೇಡಿ!" ಅಪ್ಪನಿಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮಿ ಮುಗಿಸಿ, ಉಸಿರು ಕೂಡಿಸಿಕೊಂಡು, ಮತ್ತೂ ಜೋರಾಗಿ ಹೇಳಿದ: "ಇವರಮ್ಮ ಹೋಗಿದ್ದೇ ಒಳ್ಳೇದಾಯ್ತು. ಇದ್ದಿದ್ರೆ ನಾಚ್ಕೊಂಡು ಸಾಯ್ತಿದ್ಲು."

ಈಗ ಯಾರೂ ನಗಲಿಲ್ಲ. ಅಪ್ಪನ ಬಾಯಲ್ಲಿ ಅಮ್ಮನ ಹೆಸರು ಬಂದದ್ದು ಅವಳು ತೀರಿಕೊಂಡ ಮೇಲೆ ಅದೇ ಮೊದಲು. ನನಗೆ ಕೈಯಲ್ಲಿದ್ದ ಟೀ ಪಾತ್ರೆಯನ್ನು ಅವನ ತಲೆಯ ಮೇಲೆ ಸುರಿಯಬೇಕೆನಿಸಿತು. ದೇವರಾಣೆಗೂ ಅನಿಸಿತು.

ಇಡ್ವಲ್ ಅಪ್ಪನ ಮುಖ ನೋಡಿದ. ಹುಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚಿದ. ಎರಡೂ ಬೂಟು ತೆಗೆದು ಅಲ್ಲೇ ಇಟ್ಟು ಬರಿಗಾಲಲ್ಲಿ ಗೆರೆಯ ಕಡೆ ನಡೆದ.

"ಏಯ್! ಬೂಟು! ಬೂಟು ಹಾಕ್ಕೊಳೋ!" ಹಾಪ್ಕಿನ್ ಮಾವ ಮೈದಾನದ ಆ ತುದಿಯಿಂದ ಕೂಗಿಕೊಂಡ. "ಗಾಜು ಚುಚ್ಚತ್ತೆ ಕಣೋ! ಯಾರಾದ್ರೂ ಹಿಡೀರ್ರೋ ಅವನ್ನ!"

ಆ ಓಟದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಕರವಸ್ತ್ರ ಕೆಳಗೆ ಬಿತ್ತು, ಇಡ್ವಲ್ ಬಂದ. ಗೆತಿನ್ ಇನ್ನೂ ದೂರದಲ್ಲಿದ್ದ. ನಾನು ನನ್ನ ತಮ್ಮ ಓಡಿದ್ದನ್ನು ನಿಜವಾಗಿ ನೋಡಿದ್ದು ಅಂದೇ. ಇಷ್ಟು ದಿನ ನಾನು ನೋಡಿದ ಕಾಲು ಇದೇನಾ ಎನಿಸಿತು. ಸೆಯೋನಿನವರು ಹುಚ್ಚೆದ್ದು ಹಾಡಲು ಶುರು ಮಾಡಿದರು. ಆಗಸ್ಟಿಗೆ ಪಂಥ ಕಟ್ಟಲು ಕಾಸು ಕೂಡಿಟ್ಟವರೂ ಆ ಕ್ಷಣ ಮರೆತು ಹಾಡಿದರು, ಅರ್ಧ ಹಾಡಿನಲ್ಲಿ ನೆನಪಾಗಿ ಒಬ್ಬೊಬ್ಬರೇ ಬಾಯಿ ಮುಚ್ಚಿದರು.

ಇಡ್ವಲ್ ನೇರ ಅಪ್ಪನ ಕುರ್ಚಿಯ ಮುಂದೆ ಬಂದು ನಿಂತ. ಏದುಸಿರು ಬಿಡುತ್ತ, ಚಿಕ್ಕವನಿದ್ದಾಗ ಪೇಟೆಯಿಂದ ಅಪ್ಪ ಬಂದರೆ ನಿಲ್ಲುತ್ತಿದ್ದನಲ್ಲ, ಹಾಗೆ. ಅಪ್ಪನ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಕೈನ್ವೆನ್," ಎಂದ ನನಗೆ, "ಮನೆಗ್ ಹೋಗೋಣ."

ಅಡುಗೆಮನೆಯಲ್ಲಿ ಕುರ್ಚಿ ಇಳಿಸಿ, ಹೊತ್ತವರು ಹೊರಟುಹೋದ ಮೇಲೆ ಅಪ್ಪ, "ಬಾಗ್ಲು ಹಾಕು" ಎಂದ. ಹಾಕಿದೆ. "ಕಿಟಕೀನೂ." ಅದನ್ನೂ ಹಾಕಿದೆ.

"ಮುಠ್ಠಾಳ!" ಎಂದ ಇಡ್ವಲ್‌ಗೆ. ಕೂಗಲಿಲ್ಲ, ಪಿಸುಗುಟ್ಟಿದ. "ಕಂದು ಟೋಪಿಯೋನು ಯಾರು ಗೊತ್ತೇನೋ? ಗಜ ಹಂಚೋನ ಆಳು ಅವ್ನು. ಗಣಿ ಬಿಟ್ಟು ಆ ಕೆಲ್ಸಕ್ಕೆ ಹೋದೋನು, ನನ್ ಜೊತೆ ಕಲ್ಲಿದ್ದಲು ಅಗೆದೋನು. ಅವ್ನ ಕಿವಿಗ್ ಬೀಳ್ಲಿ ಅಂತ ನಾನು ಅಷ್ಟೆಲ್ಲ ಅಂದೆ. ನೀನು ಬೂಟು ಬಿಚ್ಚಿ ಹೋಗ್ಬಿಟ್ಯಲ್ಲೋ!"

ನಾನೂ ಇಡ್ವಲ್ಲೂ ಮುಖಮುಖ ನೋಡಿಕೊಂಡೆವು.

"ಅಪ್ಪ, ನಿಂಗೆ... ಗೊತ್ತಿತ್ತಾ?"

"ಮೊದಲ್ನೇ ವರ್ಷವೇ ಗೊತ್ತಿತ್ತು. ಒದ್ದೆಯಾಗಿತ್ತು ಅಂತ ಬೂಟು ಒಲೆ ಹತ್ರ ಒಣಗ್ಲಿಕ್ ಇಟ್ಟಿದ್ದೆ ನೀನು. ಬೆಂಕಿ ಹತ್ತೀತು ಅಂತ ಎತ್ತಿಟ್ಟೆ. ಬೂಟೋ ಅದು, ಇಸ್ತ್ರಿ ಪೆಟ್ಟಿಗೆನೋ? ಕಲ್ಲಿದ್ದಲು ಹೊತ್ತ ಕೈ ಇದು, ತೂಕ ಗೊತ್ತಾಗಲ್ವಾ?" ಉಸಿರಿಗಾಗಿ ನಿಂತ. "ಊರೋರೆಲ್ಲ ನಕ್ಕೊಂಡು ಓಡಾಡ್ತಿದ್ರೆ ನೀನು ನಿಜವಾಗ್ಲೂ ಸೋತೆ ಅಂತ ಯಾರ್ ನಂಬ್ತಾರೆ? ಹೆತ್ತ ಅಪ್ಪನೇ ಬೀದೀಲಿ ಮರ್ಯಾದೆ ತೆಗೆದ್ರೆ ಗಜ ಹಂಚೋನೂ ನಂಬ್ತಾನೆ. ನಾನು ಹಿರಿಯ, ಪಂಥದ ಶತ್ರು, ಸುಳ್ಳಾಡೋನಲ್ಲ ಅಂತ ಹೆಸರು. ಆ ಹೆಸರನ್ನೇ ನಿಂಗೆ ಖರ್ಚು ಮಾಡ್ತಿದ್ದೆ ಕಣೋ. ಒಂದು ದಮ್ಡಿ ಕಟ್ಟಿಲ್ಲ ನಾನು. ನೀನು ಗೆದ್ದು ಗಾಡಿ ತಗೊಂಡು ಆ ಗುಂಡಿಯಿಂದ ಮೇಲ್ ಬರ್ಬೇಕು, ನನ್ ಥರ ಈ ಕುರ್ಚೀಲಿ ಕೂತು ಸಾಯೋದ್ ಬೇಡ ಅಂತ."

"ಅಮ್ಮನ್ ಹೆಸ್ರು ಯಾಕೆ ತೆಗ್ದೆ?" ಎಂದೆ ನಾನು. ನನಗೆ ಕೋಪ ಇಳಿದಿರಲಿಲ್ಲ. ಇಂದಿಗೂ ಪೂರ್ತಿ ಇಳಿದಿಲ್ಲ.

"ಅವ್ನು ನಂಬ್ತಿದ್ದ ಹಾಗೆ ಕಾಣ್ಲಿಲ್ಲ. ಇನ್ನೂ ಸ್ವಲ್ಪ ಜಾಸ್ತಿ ಹಾಕೋಣ ಅನ್ನಿಸ್ತು." ಅಪ್ಪ ಕಣ್ಣು ಮುಚ್ಚಿಕೊಂಡ. "ಜಾಸ್ತಿಯಾಯ್ತು."

ಇಡ್ವಲ್ ಹೊರಗೆ ಹೋದ.

ಹಾಪ್ಕಿನ್ ಮಾವ ಒಂದು ವಾರ ಅವನ ಮುಖ ನೋಡಲಿಲ್ಲ. ಆಮೇಲೆ ಬಂದು, "ಆಗಿದ್ದಾಯ್ತು, ಮಂಚ ಹತ್ತು" ಎಂದು ಮತ್ತೆ ಎಣ್ಣೆ ತಿಕ್ಕಿದ. ಜುಲೈಯಲ್ಲಿ ಗಜದ ಪಟ್ಟಿ ಬಂತು. ಭಯಪಟ್ಟಂತೆಯೇ ಆಗಿತ್ತು. ಇಡ್ವಲ್‌ನನ್ನು, ಅವನಿಗೆ ಸಿಗಬಹುದು ಎಂದುಕೊಂಡಿದ್ದ ಜಾಗದಿಂದ ಐದು ಗಜ ಹಿಂದಕ್ಕೆ ತಳ್ಳಿದ್ದರು. ಆ ಓಟಗಳಲ್ಲಿ ಅಂಗೈ ಅಗಲದಲ್ಲಿ ಸೋಲು ಗೆಲುವು ತೀರ್ಮಾನವಾಗುತ್ತದೆ. ಐದು ಗಜವೆಂದರೆ ಹೊಳೆಯ ಆಚೆ ದಡ. ಊರಿನವರು ಗೊಣಗುತ್ತಲೇ ಅವನ ಮೇಲೆ ಕಟ್ಟಿದರು. ಬೇರೆಯವನ ಮೇಲೆ ಕಟ್ಟುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಆ ಎರಡು ತಿಂಗಳು ಅಪ್ಪ ಮಗನ ನಡುವೆ ಮಾತು ಅಷ್ಟಕ್ಕಷ್ಟೆ. ಇಡ್ವಲ್‌ಗೆ ಬೇಕಾಗಿದ್ದ ಮಾತು ಬರಲಿಲ್ಲ. ತಪ್ಪು ಮಾಡಿದ ಮಗನನ್ನು ಹೊಗಳುವುದು ಅಪ್ಪನಿಗೆ ಗೊತ್ತಿರಲಿಲ್ಲ. ತಪ್ಪು ತನ್ನದೂ ಹೌದು ಎಂದು ಗೊತ್ತಿದ್ದುದರಿಂದ ಇನ್ನೂ ಕಷ್ಟವಾಗಿತ್ತು. ಗಂಡಸರು! ಒಂದೇ ಒಲೆಯ ಎರಡು ಪಕ್ಕ ಕೂತು ಇಬ್ಬರೂ ಬೆಂಕಿಯನ್ನೇ ನೋಡುತ್ತಿದ್ದರು.

ಓಟದ ದಿನ ಅಪ್ಪ, "ನಾನೂ ಬರ್ತೀನಿ" ಎಂದ.

"ಪಂಥದ ಮೈದಾನಕ್ಕಾ? ನೀನಾ?"

"ಹಾಪ್ಕಿನ್ ಹತ್ರ ಒಂದ್ ಹಳೇ ಟೋಪಿ ಇಸ್ಕೊಂಡ್ ಬಾ."

ಬೇಸಿಗೆಯಲ್ಲಿ ಮೂಗಿನವರೆಗೆ ಮಫ್ಲರ್ ಸುತ್ತಿ, ಚಮ್ಮಾರನ ಟೋಪಿಯನ್ನು ಕಣ್ಣಿನವರೆಗೆ ಎಳೆದು, ಅವನನ್ನು ತೋಳು ಹಿಡಿದು ನಡೆಸಿ ರೈಲಿನಲ್ಲಿ ಕರೆದುಕೊಂಡು ಹೋದೆ. ಪಾಂಟಿಪ್ರಿದ್‌ನ ಮೈದಾನದಲ್ಲಿ ಸಾವಿರಾರು ಜನ. ಓಟ ಮುಗಿಯುವ ಗೆರೆಯ ಹತ್ತಿರ, ಕಟಾಂಜನದ ಪಕ್ಕದ ಬೆಂಚಿನಲ್ಲಿ ಅಪ್ಪನನ್ನು ಕೂರಿಸಿದೆ. ಪಂಥ ತೆಗೆದುಕೊಳ್ಳುವವರು ಪೆಟ್ಟಿಗೆಗಳ ಮೇಲೆ ನಿಂತು ಅರಚುತ್ತಿದ್ದರು. ನಮ್ಮ ಸೆಯೋನ್ ಚಾಪೆಲಿನ ಅರ್ಧ ಸಭೆ ಅಲ್ಲಿತ್ತು ಎಂದರೆ ನಂಬುತ್ತೀರಾ? ಬೇಕರಿಯ ಟ್ಯೂಡರ್, ಶಾಲೆಯ ಮೇಷ್ಟ್ರು, ದೊಡ್ಡ ಪೀಠದಲ್ಲಿ ಅಪ್ಪನ ಪಕ್ಕ ಕೂರುವ ಇನ್ನಿಬ್ಬರು ಹಿರಿಯರು. ಎಲ್ಲರ ಟೋಪಿಯೂ ಮೂಗಿನ ಮೇಲೆ. ಒಬ್ಬರಿಗೊಬ್ಬರು ಎದುರಾದರೆ ಆಕಾಶ ನೋಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಒಂದೊಂದಾಗಿ ನೋಡಿದ್ದೆ, ಇಡೀ ಹಿಂಡನ್ನು ನೋಡಿದ್ದು ಅಂದು.

ಮೊದಲ ಸುತ್ತುಗಳನ್ನು ಇಡ್ವಲ್ ದಾಟಿದ. ಸಂಜೆ ಕೊನೆಯ ಓಟ. ಅವನು ಎಲ್ಲರಿಗಿಂತ ಹಿಂದಿನ ಗೆರೆಯಲ್ಲಿದ್ದ. ಮುಂದೆ ಐದು ಬೆನ್ನು. ಅಪ್ಪ ನನ್ನ ಕೈ ಹಿಡಿದುಕೊಂಡ. ಗುಂಡು ಹಾರಿತು.

ಒಂದು ಬೆನ್ನು ಹಿಂದಾಯಿತು, ಇನ್ನೊಂದು, ಮತ್ತೆರಡು. ಸೀಸವಿಲ್ಲ, ತಡೆಯಿಲ್ಲ. ಅವನ ಕಾಲು ನೆಲ ಮುಟ್ಟುವುದೇ ಕಾಣುತ್ತಿರಲಿಲ್ಲ. ಕೊನೆಯ ಗಜಗಳಲ್ಲಿ ಮುಂದೆ ಒಬ್ಬನೇ ಉಳಿದಿದ್ದ, ಕಾರ್ಡಿಫ್ ಬಂದರಿನ ಒಬ್ಬ ಹಮಾಲಿ. ಇಬ್ಬರೂ ಒಟ್ಟಿಗೇ ದಾರ ಹರಿದ ಹಾಗೆ ನನಗೆ ಕಂಡಿತು. ತೀರ್ಪುಗಾರರು ತಲೆ ಕೂಡಿಸಿ ಮಾತಾಡಿದರು. ಹಮಾಲಿಯ ಹೆಸರು ಕೂಗಿದರು. ಒಂದು ಕೈ ಅಗಲ ಅಂತೆ.

ನಮ್ಮವರ ಕಡೆಯಿಂದ ಏಳು ಹುಟ್ಟಿಗೂ ಮರೆಯದಂಥ ಬೈಗುಳ ಎದ್ದಿತು. ಎರಡು ವರ್ಷ ಕಾದು, ಉಪ್ಪು ಮೆಣಸಿನಲ್ಲಿ ಉಳಿಸಿ ಕಟ್ಟಿದ್ದ ಕಾಸು ಹೋಗಿತ್ತಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ? ಇಡ್ವಲ್ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ದ. ಬೇಕರಿಯ ಟ್ಯೂಡರ್ ಕಟಾಂಜನದ ಮೇಲೆ ಬಗ್ಗಿ ಅವನ ಮುಖಕ್ಕೇ ಕೂಗಿದ.

"ಥೂ! ಕೊನೇಲಿ ಬಿಟ್ಕೊಟ್ಟ! ಅವರಪ್ಪ ಹೇಳ್ತಿದ್ದಿದ್ದೇ ಸರಿ, ಕಾಲಿದೆ, ಕೆಚ್ಚಿಲ್ಲ! ಹೇಡಿ!"

ಇಡ್ವಲ್ ತಲೆಯೆತ್ತಲಿಲ್ಲ.

ನನ್ನ ಕೈಯಿಂದ ಅಪ್ಪನ ಕೈ ಜಾರಿತು. ನೋಡಿದರೆ ಎದ್ದು ನಿಂತಿದ್ದಾನೆ. ಮಫ್ಲರ್ ಬಿಚ್ಚಿ ಕೆಳಗೆ ಹಾಕಿದ. ಟೋಪಿ ತೆಗೆದು ಅದನ್ನೂ ಹಾಕಿದ. ಅವನ ಬಿಳಿ ತಲೆ ಕಂಡೊಡನೆ ಸುತ್ತಲಿನ ಸೆಯೋನಿನವರೆಲ್ಲ ಆಕಾಶ ನೋಡುವುದನ್ನೂ ಮರೆತರು.

"ಟ್ಯೂಡರ್! ಆ ಮಾತು ನಂದು," ಎಂದ ಅಪ್ಪ. ಅಷ್ಟು ಜೋರಾದ ದನಿ ಆ ಎದೆಯಲ್ಲಿ ಎಲ್ಲಿತ್ತೋ. "ನಾನಾಡಿದ್ದು. ಸುಳ್ಳಾಡಿದ್ದು. ಎರಡು ವರ್ಷ ಬೇಕೂಂತ್ಲೇ ಸುಳ್ಳಾಡ್ದೆ, ದೊಡ್ಡ ಪೀಠದಲ್ಲಿ ಕೂತ್ಕೊಂಡೇ ಆಡ್ದೆ." ಉಸಿರು ಸಿಗಲಿಲ್ಲ. ಕಟಾಂಜನ ಹಿಡಿದು ನಿಂತ. "ಇಡ್ವಲ್! ಈ ಕಡೆ ನೋಡೋ. ಚೆನ್ನಾಗ್ ಓಡ್ದೆ ಮಗನೆ. ಇಷ್ಟ್ ಚೆನ್ನಾಗಿ ಓಡಿದೋನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ನಿಮ್ಮಮ್ಮನೂ ನೋಡಿರ್ತಾಳೆ."

ಇಡ್ವಲ್ ಅಷ್ಟು ಜನರ ಮುಂದೆ ಅತ್ತ. ನಾನೂ ಅತ್ತೆ. ಹಾಪ್ಕಿನ್ ಮಾವ ಅತ್ತದ್ದು ಕಾಸಿಗೋ ಇದಕ್ಕೋ ನನಗೆ ಗೊತ್ತಿಲ್ಲ.

ಮರುದಿನ ಭಾನುವಾರ. ಪ್ರಾರ್ಥನೆ ಮುಗಿದ ಮೇಲೆ ಸಭೆ ನಿಲ್ಲಿಸಿ, ಸುಳ್ಳಾಡಿದ್ದಕ್ಕೆ ಮತ್ತು ಪಂಥದ ಮೈದಾನಕ್ಕೆ ಹೋದದ್ದಕ್ಕೆ ಐಸಾಕ್ ಪ್ರೊಬರ್ಟ್ ಅವರನ್ನು ಹಿರಿಯರ ಸ್ಥಾನದಿಂದ ಇಳಿಸಿದ್ದೇವೆ ಎಂದು ಓದಿದರು. ಓದಿದವರು ಅವನ ಪಕ್ಕ ಕೂರುತ್ತಿದ್ದ ಹಿರಿಯರೇ. ನಿನ್ನೆ ಸಂಜೆ ಅವರು ಎಲ್ಲಿದ್ದರು ಎಂದು ಎದ್ದು ಕೇಳಲು ನಾನು ಬಾಯಿ ತೆರೆದೆ. ಅಪ್ಪ ನನ್ನ ಶಾಲು ಹಿಡಿದು ಜಗ್ಗಿದ. "ಬಿಡೇ. ಆ ಪೀಠ ಗಟ್ಟಿ ಇತ್ತು, ಸೊಂಟ ನೋಯ್ತಿತ್ತು" ಎಂದು ನಮ್ಮ ಜೊತೆ ಹಿಂದಿನ ಬೆಂಚಿನಲ್ಲಿ ಕೂತ.

ಇಡ್ವಲ್ ಆಮೇಲೂ ಎಂಟೊಂಬತ್ತು ವರ್ಷ ಓಡಿದ. ಒಮ್ಮೆ ಬಣ್ಣ ಬಯಲಾದವನಿಗೆ ಗಜ ಯಾರು ಕೊಡುತ್ತಾರೆ? ಎಲ್ಲಿ ಹೋದರೂ ಎಲ್ಲರಿಗಿಂತ ಹಿಂದಿನ ಗೆರೆಯೇ. ನಾಲ್ಕೈದು ಕಡೆ ಗೆದ್ದ, ಒಂದು ಸಲ ಸ್ಕಾಟ್ಲೆಂಡಿನವರೆಗೂ ಹೋಗಿ ಕೊನೆಯ ಓಟದಲ್ಲಿ ಓಡಿ ಬಂದ. ಗೆದ್ದದ್ದರಲ್ಲಿ ಕೋಟು, ಪಾತ್ರೆ, ನನ್ನ ಮದುವೆಯ ಊಟ ಎಲ್ಲ ಆಯಿತು. ಪಾಂಟಿಪ್ರಿದ್‌ನ ದೊಡ್ಡ ಓಟ ಮಾತ್ರ ದಕ್ಕಲಿಲ್ಲ. ಗಾಡಿಯೂ ಬರಲಿಲ್ಲ, ಕುದುರೆಯೂ ಬರಲಿಲ್ಲ. ಮೂವತ್ತು ದಾಟುವ ಹೊತ್ತಿಗೆ ಅವನಿಗೂ ಅಪ್ಪನ ಕೆಮ್ಮು ಶುರುವಾಗಿತ್ತು.

ಆದರೆ ನನಗೆ ಬಿಡದೆ ನೆನಪಾಗುವುದು ಆ ಭಾನುವಾರದ ಮರುದಿನ, ಸೋಮವಾರ ಬೆಳಿಗ್ಗೆ. ಇಡ್ವಲ್ ಗಣಿಯ ಬಟ್ಟೆ ಹಾಕಿಕೊಂಡು, ನಾನು ಕಟ್ಟಿಕೊಟ್ಟ ಬ್ರೆಡ್ಡು ಚೀಸಿನ ಡಬ್ಬಿ ತೆಗೆದುಕೊಂಡು, ಬಾಗಿಲ ಹತ್ತಿರ ನಿಂತ. ಅಪ್ಪ ಕುರ್ಚಿಯಲ್ಲಿ ಎಚ್ಚರವಾಗಿಯೇ ಇದ್ದ.

"ಅಪ್ಪ, ಮೊದಲ್ನೇ ವರ್ಷವೇ ನನ್ ಕಿವೀಲಿ ಒಂದ್ಸಲ ಹೇಳಿದ್ರೆ ಸಾಕಾಗಿತ್ತು. ಆಮೇಲೆ ನೀನ್ ಏನ್ ಬೈದಿದ್ರೂ ನಾನು ಬೂಟು ಬಿಚ್ತಿರ್ಲಿಲ್ಲ."

"ಗೊತ್ತು," ಎಂದ ಅಪ್ಪ. "ನಿಂಗೆ ಗೊತ್ತಾದ್ರೆ ಮುಖದಲ್ಲಿ ಕಾಣ್ಸುತ್ತೆ ಅಂತ ಹೆದ್ರಿದೆ. ಎರಡು ಮಾತು, ಪುಕ್ಕಟೆ ಮಾತು. ಹೇಳಿದ್ರೆ ನೀನಿವತ್ತು ಗಾಡಿ ಮೇಲಿರ್ತಿದ್ದೆ."

"ಈಗ ಹೇಳಿದ್ಯಲ್ಲ, ಬಿಡು," ಎಂದು ಇಡ್ವಲ್ ನಕ್ಕ. ನಿಜವಾಗಿಯೂ ಸಂತೋಷದಲ್ಲಿದ್ದ ಆ ದಡ್ಡ. ಬಾಗಿಲು ಎಳೆದುಕೊಂಡು ಹೊರಟ.

ಮೊಳೆ ಬೂಟಿನ ಸದ್ದು ಬೀದಿಯ ಕಲ್ಲಿನ ಮೇಲೆ ಕೇಳಿಸುತ್ತಿತ್ತು. ಅಪ್ಪ ಕತ್ತು ಓರೆ ಮಾಡಿ ಕೇಳಿಸಿಕೊಂಡ. ಹೆಜ್ಜೆ ಚುರುಕಾಗಿತ್ತು. ಬೇರೆ ಗಂಡಸರ ಎಳೆದು ಹಾಕುವ ಹೆಜ್ಜೆಗಳನ್ನೆಲ್ಲ ಹಿಂದೆ ಹಾಕಿ ಮುಂದೆ ಮುಂದೆ ಹೋಗುತ್ತಿತ್ತು. ಅಪ್ಪನ ಮುಖ ಕಿವುಚಿಕೊಂಡಿತು.

"ಕೈನ್ವೆನ್, ಕೂಗೇ ಅವ್ನನ್ನ," ಎಂದ. "ಗಣಿಗೆ ಹೋಗೋಕೆ ಯಾಕಷ್ಟು ಅವಸರ? ನಿಧಾನಕ್ಕೆ ಹೋಗು ಅನ್ನೇ."

ನಾನು ಕೈಯಲ್ಲಿದ್ದುದನ್ನು ಬಿಟ್ಟು ಓಡಿಹೋಗಿ ಬಾಗಿಲು ತೆಗೆದೆ. ಅಷ್ಟರಲ್ಲಿ ಅವನು ಬೀದಿಯ ತಿರುವು ದಾಟಿ ಹೋಗಿಬಿಟ್ಟಿದ್ದ.